ಐಡ್ಲಿಂಗ್‌ನಲ್ಲಿ ನಡುಗುವ ಕಾರು: ಏರ್‌ಫ್ಲೋ ಸೆನ್ಸರ್ ಬದಲಿಸುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಸಿಗ್ನಲ್‌ನಲ್ಲಿ ನಿಂತ ಕಾರಿನ ಸ್ಟಿಯರಿಂಗ್ ಸಣ್ಣಗೆ ನಡುಗತೊಡಗುವುದು, ಆರ್‌ಪಿಎಂ ಮುಳ್ಳು ಒಂದು ಕಡೆ ನಿಲ್ಲದೆ ಮೇಲೆ ಕೆಳಗೆ ತೂಗಾಡುವುದು, ಎ.ಸಿ. ಹಾಕಿದೊಡನೆ ಎಂಜಿನ್ ಆರಿಯೇ ಹೋಗುವಂತೆ ಕುಸಿದು ಮತ್ತೆ ಚೇತರಿಸಿಕೊಳ್ಳುವುದು, ಇವೆಲ್ಲವನ್ನೂ ನಮ್ಮ ಗ್ಯಾರೇಜುಗಳಲ್ಲಿ ಒಟ್ಟಾಗಿ ‘ಐಡ್ಲಿಂಗ್ ಸರಿಯಿಲ್ಲ’ ಎನ್ನುತ್ತಾರೆ. ಈ ದೂರಿಗೆ ಎಷ್ಟೋ ವೇಳೆ ಸಿಗುವ ಮೊದಲ ಉತ್ತರವೆಂದರೆ ‘ಏರ್‌ಫ್ಲೋ ಸೆನ್ಸರ್ ಹೋಗಿದೆ, ಬದಲಿಸಬೇಕು’ ಎಂಬುದು. ಸೆನ್ಸರ್ ನಿಜವಾಗಿಯೂ ಕೆಟ್ಟಿರುವ ಸಂದರ್ಭಗಳು ಇಲ್ಲವೆಂದಲ್ಲ. ಆದರೆ ಅದು ಅಗ್ಗದ ಭಾಗವಲ್ಲ, ಮತ್ತು ವಿದ್ಯುತ್ ಭಾಗಗಳನ್ನು ಒಮ್ಮೆ ಪೊಟ್ಟಣ ಬಿಚ್ಚಿ ಕೂರಿಸಿದ ಮೇಲೆ ಅಂಗಡಿಯವರು ಸಾಮಾನ್ಯವಾಗಿ ಹಿಂದಕ್ಕೆ ಪಡೆಯುವುದಿಲ್ಲ. ಸೆನ್ಸರಿನ ಮೇಲೆ ಅನುಮಾನ ಪಡುವುದಕ್ಕೆ ಮುನ್ನ ಏನೇನು ನೋಡಬೇಕು, ಅನುಮಾನ ಬಂದ ಮೇಲೆ ಅದನ್ನು ಅಳೆದು ಖಚಿತಪಡಿಸಿಕೊಳ್ಳುವುದು ಹೇಗೆ, ಮೈಸೂರು–ಮಂಡ್ಯ ಸೀಮೆಯ ಎತ್ತರದಲ್ಲಿ ಆ ಅಳತೆಗಳನ್ನು ಹೇಗೆ ಓದಿಕೊಳ್ಳಬೇಕು ಎಂಬುದೇ ಈ ಬರಹದ ವಿಷಯ.

ಬೇಕಾಗುವ ಸಲಕರಣೆಗಳು ಹೆಚ್ಚೇನಿಲ್ಲ. ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಒಂದು ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಸಾಧನ), ಡಿಜಿಟಲ್ ಮಲ್ಟಿಮೀಟರ್, ಸೆನ್ಸರ್ ತೊಳೆಯಲೆಂದೇ ತಯಾರಿಸಿದ ಕ್ಲೀನರ್ ಸ್ಪ್ರೇ, ನೀರು ಸಿಂಪಡಿಸುವ ಸಣ್ಣ ಬಾಟಲಿ ಮತ್ತು ಒಂದು ಟಾರ್ಚ್ ಇದ್ದರೆ ಸಾಕು. ಎಂಜಿನ್ ಓಡುತ್ತಿರುವಾಗ ಮಾಡುವ ಪರೀಕ್ಷೆಗಳನ್ನು ಬಯಲಿನಲ್ಲೇ ಮಾಡಬೇಕು. ಬಾಗಿಲು ಹಾಕಿದ ಶೆಡ್ಡಿನಲ್ಲಿ ತುಂಬಿಕೊಳ್ಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರೇಡಿಯೇಟರ್ ಫ್ಯಾನ್ ಯಾವ ಕ್ಷಣದಲ್ಲಾದರೂ ತಾನಾಗಿಯೇ ತಿರುಗತೊಡಗಬಹುದಾದ್ದರಿಂದ ಸಡಿಲವಾದ ತೋಳು, ಟವೆಲ್, ಸೆರಗು ಹತ್ತಿರ ಸುಳಿಯಬಾರದು.

ಸೆನ್ಸರ್ ಮಾಡುವ ಕೆಲಸ

ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ತೀರ್ಮಾನಿಸುವ ಎಂಜಿನ್ ಕಂಪ್ಯೂಟರಿಗೆ, ಆದ್ದರಿಂದ, ಒಳಗೆ ಬರುತ್ತಿರುವ ಗಾಳಿಯ ತೂಕ ತಿಳಿಯಲೇಬೇಕು. ಮಾಸ್ ಏರ್‌ಫ್ಲೋ ಸೆನ್ಸರ್, ಅಂದರೆ ಮೆಕ್ಯಾನಿಕ್‌ಗಳ ಬಾಯಲ್ಲಿ ‘ಮ್ಯಾಫ್’, ಈ ತೂಕವನ್ನು ನೇರವಾಗಿ ಅಳೆಯುತ್ತದೆ. ಏರ್ ಫಿಲ್ಟರ್ ಡಬ್ಬಿಗೂ, ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಥ್ರಾಟಲ್ ಬಾಡಿಗೂ ನಡುವಿನ ಕೊಳವೆಯಲ್ಲಿ ಕೂತಿರುವ ಅದರೊಳಗೆ ಕೂದಲೆಳೆಯಂಥ ತಂತಿಯೋ ತೆಳುವಾದ ಫಿಲ್ಮೋ ಇದ್ದು, ವಿದ್ಯುತ್ತಿನಿಂದ ಅದನ್ನು ಸುತ್ತಲಿನ ಗಾಳಿಗಿಂತ ನಿಗದಿತ ಪ್ರಮಾಣದಷ್ಟು ಹೆಚ್ಚು ಬಿಸಿಯಾಗಿ ಇರಿಸಲಾಗುತ್ತದೆ. ಹಾದುಹೋಗುವ ಗಾಳಿ ಅದನ್ನು ತಣಿಸುತ್ತದೆ. ಬಿಸಿಯನ್ನು ಕಾಯ್ದುಕೊಳ್ಳಲು ಬೇಕಾದ ವಿದ್ಯುತ್ತೇ ಗಾಳಿಯ ತೂಕದ ಅಳತೆ. ಆ ತಂತಿಯ ಮೇಲೆ ದೂಳಿನ ಪೊರೆ ಕಟ್ಟಿದರೆ ಶಾಖ ಸರಿಯಾಗಿ ಹೊರಬೀಳದೆ ಲೆಕ್ಕ ತಪ್ಪುತ್ತದೆ.

ಎಲ್ಲ ಕಾರುಗಳಲ್ಲೂ ಈ ಸೆನ್ಸರ್ ಇರುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಮ್ಮ ರಸ್ತೆಗಳಲ್ಲಿ ಓಡಾಡುವ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಅನೇಕವು ಮ್ಯಾಫ್ ಬದಲಿಗೆ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒಳಗಿನ ಒತ್ತಡ ಅಳೆಯುವ ‘ಮ್ಯಾಪ್’ ಸೆನ್ಸರನ್ನು ಬಳಸಿ, ಒತ್ತಡ, ಉಷ್ಣತೆ ಮತ್ತು ಆರ್‌ಪಿಎಂ ಮೂರನ್ನೂ ಸೇರಿಸಿ ಗಾಳಿಯ ತೂಕವನ್ನು ಲೆಕ್ಕ ಹಾಕಿಕೊಳ್ಳುತ್ತವೆ. ಫಿಲ್ಟರ್ ಡಬ್ಬಿಯಿಂದ ಹೊರಟ ದಪ್ಪ ಕೊಳವೆಯ ಮೇಲೆ ನಾಲ್ಕೈದು ವೈರುಗಳ ಕನೆಕ್ಟರ್ ಇದ್ದರೆ ಅದು ಬಹುಮಟ್ಟಿಗೆ ಮ್ಯಾಫ್. ಎರಡೇ ವೈರಿದ್ದರೆ ಅದು ಒಳಬರುವ ಗಾಳಿಯ ಉಷ್ಣತೆಯನ್ನು ಮಾತ್ರ ನೋಡುವ ಸೆನ್ಸರ್. ಮೂರು ಅಥವಾ ನಾಲ್ಕು ವೈರುಗಳ ಸಣ್ಣ ಪೆಟ್ಟಿಗೆ ಮ್ಯಾನಿಫೋಲ್ಡಿನ ಮೇಲೆಯೇ ಕೂತಿದ್ದರೆ ಅದು ಮ್ಯಾಪ್. ಸ್ಕ್ಯಾನರಿನ ಲೈವ್ ಡೇಟಾದಲ್ಲಿ ‘ಸೆಕೆಂಡಿಗೆ ಗ್ರಾಂ’ ಎಂಬ ಅಂಕಿ ಕಂಡರೂ ಅದೊಂದೇ ಸಾಕ್ಷಿ ಸಾಲದು, ಏಕೆಂದರೆ ಸೆನ್ಸರ್ ಇಲ್ಲದ ಕೆಲವು ಕಾರುಗಳ ಆ್ಯಪ್‌ಗಳು ಆ ಅಂಕಿಯನ್ನು ತಾವೇ ಲೆಕ್ಕ ಹಾಕಿ ತೋರಿಸುತ್ತವೆ. ಬಾನೆಟ್ ಎತ್ತಿ ಕಣ್ಣಾರೆ ನೋಡಬೇಕು. ಇಲ್ಲದ ಸೆನ್ಸರನ್ನು ತೊಳೆದದ್ದಕ್ಕೆ ಹಣ ಕೊಡುವ ಪ್ರಸಂಗವೂ ಇದರಿಂದ ತಪ್ಪುತ್ತದೆ.

ಡೀಸೆಲ್ ಕಾರುಗಳ ಮಾತು ಬೇರೆ. ಅವುಗಳಲ್ಲಿ ಮ್ಯಾಫ್ ಇದ್ದರೂ ಅದರ ಮುಖ್ಯ ಕೆಲಸ ಇಜಿಆರ್ ಎಂಬ ವಾಲ್ವ್ ಮೂಲಕ ಎಂಜಿನ್ನಿಗೆ ಮರಳುವ ಹೊಗೆಯ ಪ್ರಮಾಣವನ್ನು ಹತೋಟಿಯಲ್ಲಿಡುವುದು ಮತ್ತು ಹೊಗೆ ಉಗುಳದಂತೆ ಡೀಸೆಲಿಗೆ ಮಿತಿ ಹಾಕುವುದು. ಸೆನ್ಸರ್ ಕೆಟ್ಟಾಗ ಪಿಕಪ್ ಕುಗ್ಗುವುದೂ ಕಪ್ಪು ಹೊಗೆ ಬರುವುದೂ ಸಹಜ. ಐಡ್ಲಿಂಗ್ ನಡುಕಕ್ಕೆ ಅಲ್ಲಿ ಮೊದಲು ಇಂಜೆಕ್ಟರುಗಳನ್ನು ನೋಡಬೇಕು. ಮುಂದಿನ ವಿವರಣೆ ಪೆಟ್ರೋಲ್ ಎಂಜಿನ್‌ಗಳಿಗೆ ಸಂಬಂಧಿಸಿದ್ದು.

ನಡುಕ ಯಾವ ಬಗೆಯದು?

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎ.ಸಿ., ದೀಪ, ಬ್ಲೋಯರ್ ಎಲ್ಲ ಆಫ್ ಮಾಡಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಆರ್‌ಪಿಎಂ ಮುಳ್ಳನ್ನು ಎರಡು ನಿಮಿಷ ಗಮನಿಸಿ. ಹೆಚ್ಚಿನ ಸಣ್ಣ ಪೆಟ್ರೋಲ್ ಕಾರುಗಳು ಆಗ 650ರಿಂದ 850ರ ನಡುವೆ ಎಲ್ಲೋ ಒಂದು ಕಡೆ ಸ್ಥಿರವಾಗಿ ನಿಲ್ಲಬೇಕು. ಮುಳ್ಳು ಅಲುಗದೆ ನಿಂತಿದ್ದೂ ಸೀಟು, ಸ್ಟಿಯರಿಂಗ್ ನಡುಗುತ್ತಿದ್ದರೆ ಎಂಜಿನ್ ಮೌಂಟ್‌ಗಳ ರಬ್ಬರ್ ಸವೆದಿರುವ ಸಾಧ್ಯತೆಯೇ ಹೆಚ್ಚು, ಆಗ ಯಾವ ಸೆನ್ಸರಿನ ತಂಟೆಗೂ ಹೋಗಬೇಕಾಗಿಲ್ಲ. ಮುಳ್ಳು ನಿಧಾನವಾಗಿ, ಒಂದು ಲಯದಲ್ಲಿ ಏರಿಳಿಯುತ್ತಿದ್ದರೆ ಕಂಪ್ಯೂಟರ್ ಗಾಳಿಯ ಲೆಕ್ಕವನ್ನು ಸರಿಪಡಿಸಲು ಹೆಣಗುತ್ತಿದೆ ಎಂದರ್ಥ. ಗಾಳಿ ಸೋರಿಕೆ, ಕರಿ ಕಟ್ಟಿದ ಥ್ರಾಟಲ್ ಬಾಡಿ, ಏರ್‌ಫ್ಲೋ ಸೆನ್ಸರ್ ಮೂರೂ ಈ ಗುಂಪಿಗೆ ಸೇರುತ್ತವೆ. ಮೂರನೆಯದು ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು. ಎಂಜಿನ್ ನಡುನಡುವೆ ಹಠಾತ್ತನೆ ಒದ್ದಂತಾಗಿ, ಸೈಲೆನ್ಸರ್ ಬಾಯಿಗೆ ತುಸು ದೂರದಲ್ಲಿ ಅಂಗೈ ಹಿಡಿದರೆ ಸಮನಾದ ಹರಿವಿನ ಬದಲು ಫಟ್ ಫಟ್ ಎಂಬ ಬಿಟ್ಟುಬಿಟ್ಟು ಬರುವ ಹೊಡೆತ ತಿಳಿಯುತ್ತದೆ. ಇದರಲ್ಲಿ ಪ್ಲಗ್, ಅದಕ್ಕೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್, ಇಂಜೆಕ್ಟರ್, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಈ ನಾಲ್ಕರಲ್ಲಿ ಒಂದು ತಪ್ಪಿರುವುದೇ ಸಾಮಾನ್ಯ, ಅದೂ ಒಂದೇ ಸಿಲಿಂಡರಿನಲ್ಲಿ. ಏರ್‌ಫ್ಲೋ ಸೆನ್ಸರಿನ ತಪ್ಪು ನಾಲ್ಕೂ ಸಿಲಿಂಡರುಗಳ ಮೇಲೆ ಒಂದೇ ತೆರನಾಗಿ ಬೀಳುತ್ತದೆ, ಒಂದನ್ನೇ ಆರಿಸಿಕೊಂಡು ಕೆಡಿಸುವುದಿಲ್ಲ. ಈ ಒಂದು ವಿಚಾರ ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ.

ಯಾವ ಸಿಲಿಂಡರ್ ಸೋಮಾರಿಯಾಗಿದೆ ಎಂದು ತಿಳಿಯಲು, ಎಂಜಿನ್ ಓಡುತ್ತಿರುವಾಗ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ಕಳಚಿ ಮತ್ತೆ ಹಾಕುತ್ತ ಹೋಗಬೇಕು. ಯಾವುದನ್ನು ಕಳಚಿದಾಗ ಆರ್‌ಪಿಎಂ ಇಳಿಯುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಹಳೆಯ ಅಭ್ಯಾಸದಂತೆ ಕಾಯಿಲ್ ಕಳಚುವುದು ಬೇಡ: ಉರಿಯದ ಪೆಟ್ರೋಲ್ ನೇರವಾಗಿ, ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಹಾಳುಮಾಡುತ್ತದೆ, ಜೊತೆಗೆ ಕಾಯಿಲ್ ವಿದ್ಯುತ್ತಿನ ಹೊಡೆತವೂ ಸಣ್ಣದಲ್ಲ.

ಖರ್ಚಿಲ್ಲದ ತಪಾಸಣೆ

ಏರ್ ಫಿಲ್ಟರ್ ಡಬ್ಬಿಯನ್ನು ತೆರೆದು ನೋಡಿ. ನಗರದೊಳಗೇ ಓಡಾಡುವ ಕಾರಿನ ಫಿಲ್ಟರ್ ಬೂದುಬಣ್ಣಕ್ಕೆ ತಿರುಗಿರುತ್ತದೆ, ಅಷ್ಟೆ. ಆದರೆ ಸುಗ್ಗಿಯ ತಿಂಗಳುಗಳಲ್ಲಿ ಮಳವಳ್ಳಿ, ನಾಗಮಂಗಲ, ಟಿ. ನರಸೀಪುರದ ಕಡೆಯ ಒಳರಸ್ತೆಗಳಲ್ಲಿ ಓಡುವ ಕಾರಿನ ಫಿಲ್ಟರ್‌ನಲ್ಲಿ ಕೆಲವೊಮ್ಮೆ ಒಂದು ಹಿಡಿ ಹೊಟ್ಟೇ ಸಿಗಬಹುದು, ಏಕೆಂದರೆ ಹುರುಳಿ, ರಾಗಿಯನ್ನು ಡಾಂಬರು ರಸ್ತೆಯ ಮೇಲೇ ಹರಡಿ ವಾಹನಗಳಿಂದ ತುಳಿಸುವ ರೂಢಿ ಇನ್ನೂ ಹೋಗಿಲ್ಲ. ಡಬ್ಬಿಯ ಅಂಚಿನ ರಬ್ಬರ್ ಸರಿಯಾಗಿ ಕೂರದಿದ್ದರೆ ಇದೇ ಪುಡಿ ಫಿಲ್ಟರನ್ನು ಬಳಸಿಕೊಂಡು ಒಳನುಗ್ಗಿ ಸೆನ್ಸರಿನ ತಂತಿಗೆ ಅಂಟುತ್ತದೆ. ಎಣ್ಣೆ ಸವರಿ ಮತ್ತೆ ಮತ್ತೆ ಬಳಸುವ ಹತ್ತಿಯ ಫಿಲ್ಟರ್ ಹಾಕಿಸಿಕೊಂಡವರು ಇನ್ನೂ ಎಚ್ಚರಿಕೆಯಿಂದ ಇರಬೇಕು, ಹೆಚ್ಚಾಗಿ ಸವರಿದ ಎಣ್ಣೆಯ ತೆಳುಪೊರೆ ದೂಳನ್ನು ತಂತಿಯ ಮೇಲೆ ಹಿಡಿದಿಡುತ್ತದೆ.

ಅಲ್ಲಿಂದ ಮುಂದೆ ಥ್ರಾಟಲ್ ಬಾಡಿಯವರೆಗಿನ ರಬ್ಬರ್ ಕೊಳವೆಯನ್ನು ಕೈಯಲ್ಲಿ ಹಿಡಿದು, ಅದರ ಮಡಿಕೆಗಳನ್ನು ಬಿಡಿಸಿ ಟಾರ್ಚ್ ಬೆಳಕಿನಲ್ಲಿ ನೋಡಿ. ಬಿರುಕು ಸಾಮಾನ್ಯವಾಗಿ ಅಡಿಭಾಗದ ಮಡಿಕೆಯಲ್ಲಿ ಅಡಗಿರುತ್ತದೆ. ಸರ್ವಿಸ್ ಆದ ಮರುದಿನದಿಂದಲೇ ನಡುಕ ಶುರುವಾಗಿದ್ದರೆ ಕ್ಲಾಂಪ್ ಬಿಗಿಯಾಗಿಲ್ಲವೆಂದೋ ಕನೆಕ್ಟರ್ ಪೂರ್ತಿ ಕೂತಿಲ್ಲವೆಂದೋ ಮೊದಲು ಊಹಿಸಬೇಕು. ಇನ್ನು ಇಲಿಗಳು. ಕಬ್ಬು, ಭತ್ತದ ಗದ್ದೆಗಳ ಪಕ್ಕ ಮನೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟಾವಾದ ಮೇಲೆ ಅವು ಬೆಚ್ಚಗಿನ ಜಾಗ ಹುಡುಕುತ್ತ ಬಾನೆಟ್ ಅಡಿಗೆ ಬರುತ್ತವೆ, ಸಣ್ಣ ವ್ಯಾಕ್ಯೂಮ್ ಪೈಪುಗಳನ್ನೂ ಸೆನ್ಸರಿನ ವೈರುಗಳನ್ನೂ ಕಡಿಯುತ್ತವೆ. ಹೊರಗಿನ ಪ್ಲಾಸ್ಟಿಕ್ ಸುರುಳಿ ಸರಿಯಾಗಿದ್ದರೂ ಒಳಗಿನ ವೈರ್ ಅರ್ಧ ಕತ್ತರಿಸಿರಬಹುದು.

ಥ್ರಾಟಲ್ ಬಾಡಿಯ ತಟ್ಟೆಯ ಅಂಚಿನಲ್ಲಿ ಕಪ್ಪು ಕರಿ ದಪ್ಪಗೆ ಕಟ್ಟಿದ್ದರೆ ಅದನ್ನು ತೊಳೆಯುವುದರಿಂದಲೇ ಎಷ್ಟೋ ಕಾರುಗಳು ಸರಿಹೋಗುತ್ತವೆ. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಕಾರಿನಲ್ಲಿ ಇಗ್ನಿಷನ್ ಆನ್ ಇರುವಾಗ ತಟ್ಟೆಯನ್ನು ಬೆರಳಿನಿಂದ ತಳ್ಳಬಾರದು. ಬೆರಳಿಗೂ ಅಪಾಯ, ಒಳಗಿನ ಗೇರುಗಳಿಗೂ ಅಪಾಯ. ತೊಳೆದ ಬಳಿಕ ಐಡ್ಲಿಂಗ್ ಕೆಲ ಹೊತ್ತು ಹೆಚ್ಚಾಗಿ ಕಂಡರೆ ಗಾಬರಿ ಬೇಡ. ಕರಿ ಕಟ್ಟಿದ್ದ ಸ್ಥಿತಿಗೆ ಒಗ್ಗಿಕೊಂಡಿದ್ದ ಕಂಪ್ಯೂಟರ್ ಹೊಸ ಸ್ಥಿತಿಯನ್ನು ಕಲಿಯಬೇಕು, ಕೆಲವು ಮಾದರಿಗಳಿಗೆ ಅದನ್ನು ಸ್ಕ್ಯಾನರಿನಿಂದಲೇ ಕಲಿಸಬೇಕಾಗುತ್ತದೆ.

ಹೊಗೆ ತಪಾಸಣೆಯ ಪಿಯುಸಿ ಚೀಟಿಯನ್ನೂ ಬಿಸಾಡಬೇಡಿ. ಅದರಲ್ಲಿ ಐಡ್ಲಿಂಗ್‌ನಲ್ಲಿ ಅಳೆದ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಅಂಕಿಗಳಿರುತ್ತವೆ; ಬಿಎಸ್-4 ಹೊಗೆ ಮಾನದಂಡದ ಪೆಟ್ರೋಲ್ ಕಾರಿಗೆ ಮಿತಿ 0.3 ಶೇಕಡಾ ಮತ್ತು 200 ಪಿಪಿಎಂ. ಮೊದಲನೆಯದು ಏರಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ ಎಂದೂ, ಮೊದಲನೆಯದು ಕಡಿಮೆಯಿದ್ದು ಎರಡನೆಯದು ಮಾತ್ರ ಏರಿದ್ದರೆ ಮಿಸ್ಸಿಂಗ್ ಇದೆ ಎಂದೂ ಊಹಿಸಬಹುದು. ಕನ್ವರ್ಟರ್ ಇವೆರಡನ್ನೂ ತಗ್ಗಿಸುವುದರಿಂದ ಅಂಕಿ ಚೆನ್ನಾಗಿದೆ ಎಂದ ಮಾತ್ರಕ್ಕೆ ಎಂಜಿನ್ ಚೆನ್ನಾಗಿದೆ ಎಂದಾಗುವುದಿಲ್ಲ.

ಫ್ಯೂಯೆಲ್ ಟ್ರಿಮ್: ಎರಡು ಅಂಕಿಗಳ ಹೋಲಿಕೆ

2013ರ ನಂತರ ತಯಾರಾದ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ 16 ಪಿನ್ನಿನ ಓಬಿಡಿ ಕಿಂಡಿ ಇರುತ್ತದೆ. ಸ್ಕ್ಯಾನರ್ ಚುಚ್ಚಿ ಮೊದಲು ಕೋಡ್‌ಗಳನ್ನು ಬರೆದಿಟ್ಟುಕೊಳ್ಳಿ, ಅಳಿಸಬೇಡಿ. ಪಿ0300 ಎಂದರೆ ಒಂದೇ ಸಿಲಿಂಡರಿಗೆ ಸೀಮಿತವಲ್ಲದ ಮಿಸ್ಸಿಂಗ್, ಪಿ0301ರಿಂದ ಪಿ0304ರವರೆಗೆ ಆಯಾ ಸಿಲಿಂಡರಿನದು. ಪಿ0171 ಎಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಪಿ0172 ಅದರ ವಿರುದ್ಧ. ಪಿ0102 ಮತ್ತು ಪಿ0103 ಮ್ಯಾಫ್ ಸರ್ಕ್ಯೂಟಿನ ಸಂಕೇತ ತೀರ ಕಡಿಮೆ ಅಥವಾ ತೀರ ಹೆಚ್ಚು ಎನ್ನುತ್ತವೆ, ಇವುಗಳಲ್ಲಿ ವೈರಿಂಗ್ ತೊಂದರೆಯ ಸಾಧ್ಯತೆ ದೊಡ್ಡದು. ಪಿ0101 ಬಂದಾಗಲೇ ಅನೇಕರು ಸೆನ್ಸರ್ ಬದಲಿಸಿಬಿಡುವುದು. ಆ ಕೋಡ್ ಹೇಳುವುದು ಇಷ್ಟೇ: ಸೆನ್ಸರ್ ಹೇಳುತ್ತಿರುವ ಗಾಳಿಗೂ ಥ್ರಾಟಲ್ ಎಷ್ಟು ತೆರೆದಿದೆ, ಆರ್‌ಪಿಎಂ ಎಷ್ಟಿದೆ ಎಂಬುದರಿಂದ ಇರಬೇಕಾದ ಗಾಳಿಗೂ ತಾಳೆ ಬೀಳುತ್ತಿಲ್ಲ. ಸೆನ್ಸರಿನ ನಂತರದ ಕೊಳವೆ ಹರಿದಿದ್ದರೂ ಅದೇ ಕೋಡ್ ಬರುತ್ತದೆ.

ನಿಜವಾದ ಮಾಹಿತಿ ಸಿಗುವುದು ಫ್ಯೂಯೆಲ್ ಟ್ರಿಮ್ ಎಂಬ ಅಂಕಿಗಳಲ್ಲಿ. ಸೈಲೆನ್ಸರಿನ ಆಕ್ಸಿಜನ್ ಸೆನ್ಸರ್ ಹೇಳುವುದನ್ನು ನೋಡಿಕೊಂಡು, ತನ್ನ ಲೆಕ್ಕಕ್ಕಿಂತ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಹಾಕಬೇಕಾಯಿತು ಎಂಬುದನ್ನು ಕಂಪ್ಯೂಟರ್ ಇಲ್ಲಿ ದಾಖಲಿಸುತ್ತದೆ. ಕ್ಷಣಕ್ಷಣಕ್ಕೂ ಬದಲಾಗುವ ಶಾರ್ಟ್ ಟರ್ಮ್ ಮತ್ತು ನಿಧಾನವಾಗಿ ಕಲಿತ ಲಾಂಗ್ ಟರ್ಮ್ ಎರಡನ್ನೂ ಕೂಡಿಸಿ ಓದಬೇಕು. ಕೂಡಿದ ಮೊತ್ತ ಐದು ಶೇಕಡಾ ಆಚೀಚೆ ಇದ್ದರೆ ಉತ್ತಮ, ಹತ್ತರವರೆಗೆ ಸಹಿಸಬಹುದು. ಒಂದು ತಿದ್ದುಪಡಿ ಮಾತ್ರ ಅಗತ್ಯ. ಎಥನಾಲ್ ಬೆರೆತ ಪೆಟ್ರೋಲಿಗೆ ಗಾಳಿ ಕಡಿಮೆ ಸಾಕಾಗುತ್ತದೆ, ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಹೆಚ್ಚು ಬೇಕು. 10 ಶೇಕಡಾ ಮಿಶ್ರಣಕ್ಕೆ ಹೊಂದಿಸಿದ ಕಾರಿಗೆ 20 ಶೇಕಡಾ ಎಥನಾಲಿನ ಪೆಟ್ರೋಲ್ ಹಾಕಿದರೆ ಟ್ರಿಮ್ ಮೂರು ನಾಲ್ಕು ಶೇಕಡಾ ಧನಾತ್ಮಕವಾಗಿ ಸರಿಯುವುದು ಸಹಜ. ಕಾಕಂಬಿಯಿಂದ ಎಥನಾಲ್ ತೆಗೆಯುವುದನ್ನು ಬಲ್ಲ ಕಬ್ಬಿನ ನಾಡಿನವರು ಇದನ್ನು ಸೆನ್ಸರಿನ ತಪ್ಪೆಂದು ತಿಳಿಯಬಾರದು.

ಈಗ ಟ್ರಿಮ್ ಅನ್ನು ಎರಡು ಸ್ಥಿತಿಗಳಲ್ಲಿ ಬರೆದುಕೊಳ್ಳಿ: ಐಡ್ಲಿಂಗ್‌ನಲ್ಲಿ ಒಮ್ಮೆ, ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಸ್ಥಿರವಾಗಿ ಹಿಡಿದು ಇನ್ನೊಮ್ಮೆ. ಮ್ಯಾಫ್ ಇರುವ ಕಾರಿನಲ್ಲಿ ಐಡ್ಲಿಂಗ್‌ನ ಟ್ರಿಮ್ +18 ಇದ್ದು 2,500ರಲ್ಲಿ +4ಕ್ಕೆ ಇಳಿದರೆ ಅದು ಗಾಳಿ ಸೋರಿಕೆ, ಸೆನ್ಸರ್ ಅಲ್ಲ. ಕಾರಣ ಸರಳ ಅಂಕಗಣಿತ: ಐಡ್ಲಿಂಗ್‌ನಲ್ಲಿ ಎಂಜಿನ್ ಸೆಕೆಂಡಿಗೆ 2 ಗ್ರಾಂ ಗಾಳಿ ಎಳೆಯುತ್ತಿರುವಾಗ ಬಿರುಕಿನಿಂದ ಕಳ್ಳದಾರಿಯಲ್ಲಿ ಬರುವ 0.4 ಗ್ರಾಂ ಎಂದರೆ ಐದನೇ ಒಂದು ಭಾಗ. ಒಟ್ಟು ಗಾಳಿ 8 ಗ್ರಾಂ ಆದಾಗ ಅದೇ 0.4 ಗ್ರಾಂ ಬರೀ 5 ಶೇಕಡಾ. ಇದಕ್ಕೆ ವಿರುದ್ಧವಾಗಿ ಐಡ್ಲಿಂಗ್‌ನಲ್ಲಿ ಸೊನ್ನೆಯ ಹತ್ತಿರವೋ ಋಣಾತ್ಮಕವೋ ಇದ್ದ ಟ್ರಿಮ್, ಆರ್‌ಪಿಎಂ ಮತ್ತು ಹೊರೆ ಏರಿದಂತೆ +15, +20ರ ಕಡೆಗೆ ಏರುತ್ತ ಹೋದರೆ ಕೊಳಕಾದ ಮ್ಯಾಫ್ ನೆನಪಾಗಬೇಕು. ದೂಳು ಹಿಡಿದ ತಂತಿ ಕಡಿಮೆ ಗಾಳಿಯಲ್ಲಿ ತುಸು ಹೆಚ್ಚಾಗಿಯೂ ಹೆಚ್ಚು ಗಾಳಿಯಲ್ಲಿ ಕಡಿಮೆಯಾಗಿಯೂ ಓದುವುದು ಅದರ ಚಿರಪರಿಚಿತ ಗುಣ. ಆದರೆ ಕಾರಿನ ಟ್ಯಾಂಕಿನೊಳಗಿನ ಸೊರಗಿದ ಪೆಟ್ರೋಲ್ ಪಂಪ್ ಕೂಡ ಹೊರೆಯಲ್ಲಿ ಇದೇ ಲಕ್ಷಣ ತೋರಿಸುತ್ತದೆ. ಅವೆರಡನ್ನು ಬೇರ್ಪಡಿಸುವ ದಾರಿ ಮುಂದೆ ಬರುತ್ತದೆ. ಎರಡೂ ಸ್ಥಿತಿಯಲ್ಲಿ ಟ್ರಿಮ್ –15ರಂತೆ ಋಣಾತ್ಮಕವಾಗಿದ್ದರೆ ಸೋರುವ ಇಂಜೆಕ್ಟರ್, ಹೆಚ್ಚಾದ ಪೆಟ್ರೋಲ್ ಒತ್ತಡ, ತೆರೆದೇ ನಿಂತ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ವಾಲ್ವ್) ಇವುಗಳನ್ನು ನೋಡಬೇಕು.

ಟ್ರಿಮ್ ಎರಡೂ ಕಡೆ ಸರಿಯಾಗಿದ್ದು ಎಂಜಿನ್ ನಡುಗುತ್ತಿದ್ದರೆ ಗಾಳಿ–ಪೆಟ್ರೋಲ್ ಲೆಕ್ಕ ಸರಿಯಿದೆ. ಪ್ಲಗ್, ಕಾಯಿಲ್, ಮೌಂಟ್ ಕಡೆಗೆ ಹಿಂದಿರುಗಿ.

ಸೋರಿಕೆ ಹುಡುಕುವುದು

ಹತ್ತಿರದ ಗ್ಯಾರೇಜಿನಲ್ಲಿ ಸ್ಮೋಕ್ ಮಷಿನ್ ಇದ್ದರೆ ಅದಕ್ಕಿಂತ ಉತ್ತಮ ಉಪಾಯವಿಲ್ಲ. ಎಂಜಿನ್ ಆಫ್ ಮಾಡಿ ಕೊಳವೆಯೊಳಗೆ ಹೊಗೆ ತುಂಬಿಸಿದರೆ ಬಿರುಕು ತಾನೇ ತೋರಿಸಿಕೊಡುತ್ತದೆ. ಇಲ್ಲದಿದ್ದರೆ ಎಂಜಿನ್ ಓಡುತ್ತಿರುವಾಗ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಅಂಚು, ಪಿಸಿವಿ ಪೈಪ್ (ಎಂಜಿನ್ ಒಳಗಿನ ಆವಿ ಮರಳುವ ಪೈಪ್), ಬ್ರೇಕ್ ಬೂಸ್ಟರ್ ಪೈಪ್, ಇಂಜೆಕ್ಟರ್ ರಬ್ಬರ್ ಉಂಗುರಗಳ ಸುತ್ತ ನೀರನ್ನು ಮಂಜಿನಂತೆ ಸಿಂಪಡಿಸುತ್ತ ಹೋಗಿ. ಸೋರುವ ಜಾಗಕ್ಕೆ ನೀರು ಬಿದ್ದಾಗ ಶಬ್ದವೋ ಆರ್‌ಪಿಎಂಮೋ ಕ್ಷಣಕಾಲ ಬದಲಾಗುತ್ತದೆ. ಕಾಯಿಲ್ ಮತ್ತು ಕನೆಕ್ಟರ್‌ಗಳ ಮೇಲೆ ಮಾತ್ರ ನೀರು ಬೀಳದಿರಲಿ. ಕಾರ್ಬ್ ಕ್ಲೀನರ್ ಅಥವಾ ಪೆಟ್ರೋಲ್ ಸಿಂಪಡಿಸಿ ಹುಡುಕುವ ಪದ್ಧತಿ ಬೇಗ ಉತ್ತರ ಕೊಡುತ್ತದೆಂಬುದು ನಿಜ, ಆದರೆ ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದನ್ನು ಮಾಡಿರೆಂದು ನಾನು ಯಾರಿಗೂ ಹೇಳುವುದಿಲ್ಲ.

ಪರ್ಜ್ ವಾಲ್ವಿನಿಂದ ಮ್ಯಾನಿಫೋಲ್ಡಿಗೆ ಬರುವ ರಬ್ಬರ್ ಪೈಪನ್ನು ಇಕ್ಕಳದಿಂದ ಮೆತ್ತಗೆ ಹಿಸುಕಿದಾಗ ಐಡ್ಲಿಂಗ್ ಸರಿಹೋದರೆ ಆ ವಾಲ್ವ್ ಮುಚ್ಚುತ್ತಿಲ್ಲ ಎಂದರ್ಥ. ಪೆಟ್ರೋಲ್ ತುಂಬಿಸಿದ ತಕ್ಷಣ ಸ್ಟಾರ್ಟ್ ಆಗಲು ತಕರಾರು ಮಾಡುವ ಕಾರುಗಳಲ್ಲಿ ಇದನ್ನು ಮೊದಲು ನೋಡಿ.

ಮ್ಯಾಫ್ ಸೆನ್ಸರಿನ ಪರೀಕ್ಷೆ

ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆಯೇ ಸೆನ್ಸರಿನ ಸರದಿ. ಬಿಸಿಯಾದ ಎಂಜಿನ್ ಐಡ್ಲಿಂಗ್‌ನಲ್ಲಿ ಎಷ್ಟು ಲೀಟರಿನದೋ ಹೆಚ್ಚುಕಡಿಮೆ ಸೆಕೆಂಡಿಗೆ ಅಷ್ಟು ಗ್ರಾಂ, ಇಲ್ಲವೇ ಅದಕ್ಕಿಂತ ತುಸು ಹೆಚ್ಚು ಗಾಳಿ ಎಳೆಯುತ್ತದೆ ಎಂಬುದು ಮೆಕ್ಯಾನಿಕ್‌ಗಳ ಸ್ಥೂಲ ಲೆಕ್ಕ. 1.8 ಲೀಟರಿನ ಎಂಜಿನ್ 2 ಗ್ರಾಂ ಆಸುಪಾಸು ತೋರಿಸಿದರೆ ಸರಿ. ಅರ್ಧ ಗ್ರಾಂ ಅಥವಾ 6 ಗ್ರಾಂ ತೋರಿಸಿದರೆ ಏನೋ ತಪ್ಪಿದೆ. ಅಂಕಿ ನೆಗೆಯದೆ ಸ್ಥಿರವಾಗಿರಬೇಕು, ಆಕ್ಸಿಲರೇಟರ್ ಒತ್ತಿದೊಡನೆ ತಡವಿಲ್ಲದೆ ಏರಬೇಕು.

ಐಡ್ಲಿಂಗ್‌ನ ಅಂಕಿ ಸರಿಯಿದ್ದ ಮಾತ್ರಕ್ಕೆ ಸೆನ್ಸರ್ ಪಾಸಾಗುವುದಿಲ್ಲ, ದೊಡ್ಡ ಹರಿವಿನಲ್ಲೂ ಅಳೆಯಬೇಕು. ಎಂಜಿನ್ ಪ್ರತಿ ಎರಡು ಸುತ್ತಿಗೆ ಒಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆದುಕೊಳ್ಳುತ್ತದೆ. 1.8 ಲೀಟರಿನ ಎಂಜಿನ್ 4,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 60 ಲೀಟರ್ ಗಾಳಿ ಎಳೆಯಬೇಕು. ಪೂರ್ತಿ ತುಂಬಿಕೊಳ್ಳುವುದಿಲ್ಲವಾದ್ದರಿಂದ ಅದನ್ನು 0.85ರಿಂದ ಗುಣಿಸಿದರೆ 51 ಲೀಟರ್. ಈಗ ಲೀಟರ್ ಗಾಳಿಯ ತೂಕವೆಷ್ಟು ಎಂಬ ಪ್ರಶ್ನೆ ಬರುತ್ತದೆ, ಮತ್ತು ಇಲ್ಲಿ ನಮ್ಮ ಊರಿನ ಎತ್ತರವನ್ನು ಗಣನೆಗೆ ತೆಗೆದುಕೊಳ್ಳಲೇಬೇಕು. ಸಮುದ್ರಮಟ್ಟದ ಮಂಗಳೂರಿನಲ್ಲಿ 28 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಲೀಟರಿಗೆ ಸುಮಾರು 1.17 ಗ್ರಾಂ ತೂಗಿದರೆ, ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ಅದು 1.07 ಗ್ರಾಂ ಮಾತ್ರ. ಆದ್ದರಿಂದ ಮೈಸೂರಿನಲ್ಲಿ ಈ ಎಂಜಿನ್ ಸೆಕೆಂಡಿಗೆ ಸುಮಾರು 55 ಗ್ರಾಂ, ಮಂಗಳೂರಿನಲ್ಲಿ ಸುಮಾರು 60 ಗ್ರಾಂ ತೋರಿಸಬೇಕು. ಬೇರೆ ಊರುಗಳ ಅಂಕಿಗಳನ್ನು ಮುಂದಿಟ್ಟುಕೊಂಡು ಒಳ್ಳೆಯ ಸೆನ್ಸರನ್ನು ತಿರಸ್ಕರಿಸುವವರು ಮರೆಯುವುದು ಈ 8–9 ಶೇಕಡಾ ವ್ಯತ್ಯಾಸವನ್ನು. ಹೊರವರ್ತುಲ ರಸ್ತೆಯ ಖಾಲಿ ಭಾಗದಲ್ಲಿ, ಬೆಳಗಿನ ಹೊತ್ತು, ಎರಡನೇ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ 4,000 ಆರ್‌ಪಿಎಂ ದಾಟುವಾಗಿನ ಅಂಕಿಯನ್ನು ಪಕ್ಕದಲ್ಲಿ ಕೂತವರು ಓದಿಕೊಳ್ಳಲಿ, ಚಾಲಕರು ರಸ್ತೆ ಬಿಟ್ಟು ಬೇರೆಡೆ ನೋಡಕೂಡದು. 50ರಿಂದ 58ರೊಳಗೆ ಬಂದರೆ ಸೆನ್ಸರ್ ಚೆನ್ನಾಗಿದೆ. ಟ್ರಿಮ್ ಏರುತ್ತಿದ್ದರೂ ಗಾಳಿಯ ಅಂಕಿ ಹೀಗೆ ಸರಿಯಿದ್ದರೆ ಪೆಟ್ರೋಲ್ ಪಂಪ್ ಅಥವಾ ಪೆಟ್ರೋಲ್ ಫಿಲ್ಟರ್ ಕಡೆ ಹೊರಳಬೇಕು. 35ರ ಸುತ್ತಮುತ್ತ ನಿಂತು ಟ್ರಿಮ್ ಕೂಡ ಧನಾತ್ಮಕವಾಗಿದ್ದರೆ ಮ್ಯಾಫ್ ಕಡಿಮೆ ಓದುತ್ತಿದೆ. ಗಾಳಿ 35 ಇದ್ದೂ ಟ್ರಿಮ್ ಸರಿಯಾಗಿಯೇ ಇದ್ದರೆ ಸೆನ್ಸರ್ ನಿಜವನ್ನೇ ಹೇಳುತ್ತಿದೆ, ಎಂಜಿನ್ ಉಸಿರಾಡಲು ಆಗುತ್ತಿಲ್ಲ: ಕಟ್ಟಿಕೊಂಡ ಏರ್ ಫಿಲ್ಟರ್ ಅಥವಾ ಕನ್ವರ್ಟರ್ ನೋಡಿ. ಆಕ್ಸಿಲರೇಟರ್ ಪೂರ್ತಿ ಒತ್ತಿದ ಕ್ಷಣದಲ್ಲಿ ಅನೇಕ ಕಾರುಗಳು ಟ್ರಿಮ್ ತಿದ್ದುವುದನ್ನೇ ನಿಲ್ಲಿಸುವುದರಿಂದ ಟ್ರಿಮ್ ಅಂಕಿಯನ್ನು ಅರ್ಧ ಥ್ರಾಟಲ್‌ನಲ್ಲಿ, ಏರುಹಾದಿಯಲ್ಲಿ ಓದುವುದು ಲೇಸು. ಚಾಮುಂಡಿ ಬೆಟ್ಟದ ರಸ್ತೆ ಅದಕ್ಕೆ ಹೇಳಿ ಮಾಡಿಸಿದಂತಿದೆ, ನಡೆದು ಹತ್ತುವವರ ಹೊತ್ತನ್ನು ಬಿಟ್ಟು.

ಮಲ್ಟಿಮೀಟರಿನ ಕೆಲಸ ವೈರಿಂಗನ್ನು ನಿರ್ದೋಷಿಯೆಂದು ತೋರಿಸುವುದು. ಕನೆಕ್ಟರ್ ಕಳಚಿ ಇಗ್ನಿಷನ್ ಆನ್ ಮಾಡಿದಾಗ ಒಂದು ಪಿನ್ನಿನಲ್ಲಿ ಬ್ಯಾಟರಿಯಷ್ಟೇ, ಅಂದರೆ ಸುಮಾರು 12 ವೋಲ್ಟ್ ಸಿಗಬೇಕು. ಕೆಲವು ಸೆನ್ಸರುಗಳಿಗೆ ಇದರ ಜೊತೆ 5 ವೋಲ್ಟಿನ ಇನ್ನೊಂದು ಪೂರೈಕೆ ಇರುತ್ತದೆ. ಕನೆಕ್ಟರ್ ಜೋಡಿಸಿ, ಹಿಂಬದಿಯಿಂದ ತೆಳುವಾದ ಗುಂಡುಸೂಜಿ ತೂರಿಸಿ, ಎಂಜಿನ್ ಓಡುತ್ತಿರುವಾಗ ಗ್ರೌಂಡ್ ಪಿನ್ನಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ಅಳೆದರೆ 0.1 ವೋಲ್ಟಿಗಿಂತ ಕಡಿಮೆ ಇರಬೇಕು. ಸಿಗ್ನಲ್ ವೈರ್ ಅನಲಾಗ್ ಬಗೆಯದಾದರೆ ಐಡ್ಲಿಂಗ್‌ನಲ್ಲಿ ಸುಮಾರು 1ರಿಂದ 1.5 ವೋಲ್ಟ್ ಇದ್ದು, ಆಕ್ಸಿಲರೇಟರನ್ನು ಗಬಕ್ಕನೆ ಒತ್ತಿದಾಗ ಜಿಗಿಯಬೇಕು. ಬಾಷ್‌ನ ಹಲವು ಅನಲಾಗ್ ಸೆನ್ಸರುಗಳು ಗಾಳಿಯೇ ಹರಿಯದಾಗ, ಎಂಜಿನ್ ನಿಲ್ಲಿಸಿ ಇಗ್ನಿಷನ್ ಮಾತ್ರ ಆನ್ ಇರುವಾಗ, 1 ವೋಲ್ಟಿನ ಹತ್ತಿರ ನಿಲ್ಲುತ್ತವೆ. ಅದು ಎದ್ದು ಕಾಣುವಷ್ಟು ಸರಿದಿದ್ದರೆ ಸೆನ್ಸರಿನ ಆಯುಷ್ಯ ಮುಗಿದಿದೆ. ಇನ್ನು ಕೆಲವು ಸೆನ್ಸರುಗಳು ವೋಲ್ಟೇಜಿನ ಬದಲು ಆವರ್ತನವನ್ನು ಕಳುಹಿಸುತ್ತವೆ. ಅವುಗಳಿಗೆ ಮೀಟರನ್ನು ಹರ್ಟ್ಸ್‌ಗೆ ತಿರುಗಿಸಬೇಕು, ವೋಲ್ಟಿನಲ್ಲಿ ಅಳೆದರೆ ಸಿಗುವ ಅಂಕಿಗೆ ಅರ್ಥವಿಲ್ಲ. ಅಳೆಯುತ್ತಿರುವಾಗಲೇ ವೈರಿನ ಕಟ್ಟನ್ನು ಅಲ್ಲಲ್ಲಿ ಅಲುಗಾಡಿಸಿ. ಅಂಕಿ ತಟಕ್ಕನೆ ಹಾರಿದರೆ ಒಳಗೆ ಮುರಿದ ವೈರ್ ಇದೆ.

ಬಿಸಿತಂತಿಯ ಸರ್ಕ್ಯೂಟನ್ನು ಓಮ್ ಮೀಟರಿನಿಂದ ಪರೀಕ್ಷಿಸುವುದರಲ್ಲಿ ಪ್ರಯೋಜನವಿಲ್ಲ. ಆದರೆ ಅದರೊಡನೆ ಸೇರಿಕೊಂಡಿರುವ ಗಾಳಿಯ ಉಷ್ಣತಾ ಸೆನ್ಸರನ್ನು ಹಾಗೆ ಪರೀಕ್ಷಿಸಬಹುದು: ಬಹಳಷ್ಟು ಸೆನ್ಸರುಗಳು 20 ಡಿಗ್ರಿಯಲ್ಲಿ ಸುಮಾರು 2.5 ಕಿಲೋಓಮ್ ತೋರಿಸಿ, ಬಿಸಿಯಾದಂತೆ ಇಳಿಯುತ್ತವೆ. ಇನ್ನೂ ಸುಲಭದ ದಾರಿ, ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಮುಂಜಾನೆ ಸ್ಟಾರ್ಟ್ ಮಾಡದೆ ಸ್ಕ್ಯಾನರ್ ನೋಡುವುದು. ಒಳಗಾಳಿ, ಕೂಲೆಂಟ್, ಹೊರಗಿನ ಹವೆ ಮೂರೂ ಒಂದೆರಡು ಡಿಗ್ರಿಯೊಳಗೆ ಒಂದೇ ಇರಬೇಕು.

ಕನೆಕ್ಟರ್ ಕಳಚಿ ಎಂಜಿನ್ ಓಡಿಸುವ ಜನಪ್ರಿಯ ಪರೀಕ್ಷೆಗೆ ಇರಬೇಕಾದ್ದಕ್ಕಿಂತ ಹೆಚ್ಚು ಗೌರವ ಸಿಕ್ಕಿದೆ. ಸೆನ್ಸರ್ ಕಾಣದಿದ್ದಾಗ ಕಂಪ್ಯೂಟರ್ ಥ್ರಾಟಲ್ ಮತ್ತು ಆರ್‌ಪಿಎಂ ನೋಡಿ ಊಹೆಯ ಮೇಲೆ ಪೆಟ್ರೋಲ್ ಹಾಕುತ್ತದೆ. ಆಗ ನಡುಕ ನಿಂತರೆ ಅನುಮಾನಕ್ಕೆ ಬಲ ಬರುತ್ತದೆ ಅಷ್ಟೆ. ಗಾಳಿ ಸೋರುತ್ತಿರುವ ಕಾರಿನಲ್ಲೂ ಆ ಊಹೆ ಆಕಸ್ಮಿಕವಾಗಿ ಸರಿಹೊಂದಿ ಐಡ್ಲಿಂಗ್ ಸುಧಾರಿಸಬಹುದು.

ಮ್ಯಾಪ್ ಸೆನ್ಸರ್ ಇರುವ ಕಾರುಗಳಿಗೆ

ಇಲ್ಲಿ ಸೋರಿಕೆಯ ಲಕ್ಷಣವೇ ಬೇರೆ. ಯಾವ ದಾರಿಯಿಂದ ಬಂದರೂ ಗಾಳಿ ಮ್ಯಾನಿಫೋಲ್ಡಿನ ಒತ್ತಡವನ್ನು ಏರಿಸುವುದರಿಂದ ಕಂಪ್ಯೂಟರ್ ಅದಕ್ಕೂ ಪೆಟ್ರೋಲ್ ಹಾಕುತ್ತದೆ. ಟ್ರಿಮ್ ಅಷ್ಟಾಗಿ ಕದಲುವುದಿಲ್ಲ, ಬದಲಿಗೆ ಐಡ್ಲಿಂಗ್ ಆರ್‌ಪಿಎಂ ಏರಿ ಕೂರುತ್ತದೆ. ಮ್ಯಾಪ್ ಸೆನ್ಸರಿನ ಪರೀಕ್ಷೆ ಮಾತ್ರ ಬಲು ಸುಲಭ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಮಾಡಿದರೆ ಅದು ಹೊರಗಿನ ವಾಯುಭಾರವನ್ನೇ ತೋರಿಸಬೇಕು: ಮೈಸೂರಿನಲ್ಲಿ ಸುಮಾರು 92, ತುಸು ತಗ್ಗಿನ ಮಂಡ್ಯದಲ್ಲಿ 93ರಿಂದ 94 ಕಿಲೋಪ್ಯಾಸ್ಕಲ್. ಮೈಸೂರಿನಲ್ಲಿ ನಿಂತ ಕಾರು 101 ತೋರಿಸಿದರೆ ಅದು ಸಮುದ್ರತೀರದಲ್ಲಿದ್ದೇನೆಂದು ನಂಬಿ ಪೆಟ್ರೋಲ್ ಹೆಚ್ಚು ಹಾಕುತ್ತಿರುತ್ತದೆ. ಚಾಮುಂಡಿ ಬೆಟ್ಟದ ತುದಿಯಲ್ಲಿ ಮತ್ತೆ ನೋಡಿದರೆ ಅಂಕಿ ಸುಮಾರು 89ಕ್ಕೆ ಇಳಿದಿರಬೇಕು. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ 30ರಿಂದ 40 ಸಾಮಾನ್ಯ. 50 ದಾಟಿ ನಿಂತಿದ್ದರೆ ಸೋರಿಕೆ, ಮುಚ್ಚದ ಇಜಿಆರ್ ಅಥವಾ ತಪ್ಪಿದ ವಾಲ್ವ್ ಟೈಮಿಂಗ್ ಅನ್ನು ಶಂಕಿಸಬೇಕು.

ತೊಳೆಯುವುದು, ಬದಲಿಸುವುದು

ಮ್ಯಾಫ್ ಕಡಿಮೆ ಓದುತ್ತಿದೆ ಎಂದು ಖಾತ್ರಿಯಾದರೂ ಮೊದಲು ತೊಳೆದು ನೋಡಿ. ಎಂಜಿನ್ ನಿಲ್ಲಿಸಿ, ಬಿಸಿತಂತಿ ಆರಲು ಕೆಲವು ನಿಮಿಷ ಬಿಟ್ಟು, ಕನೆಕ್ಟರ್ ಕಳಚಿ ಸೆನ್ಸರನ್ನು ಹೊರತೆಗೆಯಿರಿ. ತಂತಿಯನ್ನು ಬೆರಳು, ಹತ್ತಿ, ಬ್ರಷ್ ಯಾವುದರಿಂದಲೂ ಮುಟ್ಟದೆ, ಮ್ಯಾಫ್ ಕ್ಲೀನರನ್ನು ನಾಲ್ಕೈದು ಅಂಗುಲ ದೂರದಿಂದ ಹತ್ತು ಹನ್ನೆರಡು ಬಾರಿ ಚಿಮ್ಮಿಸಿ. ಕಾರ್ಬ್ ಕ್ಲೀನರ್ ಇಲ್ಲಿಗೆ ತಕ್ಕುದಲ್ಲ, ಅದು ಪ್ಲಾಸ್ಟಿಕ್ಕನ್ನೂ ಫಿಲ್ಮಿನ ಲೇಪವನ್ನೂ ಕೆಡಿಸಬಹುದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಂತೂ ತಂತಿಯನ್ನೇ ಕಿತ್ತುಹಾಕೀತು. ನೆರಳಲ್ಲಿ ಹದಿನೈದು ನಿಮಿಷ ತಾನಾಗಿ ಒಣಗಲಿ, ಆಮೇಲೆ ಕೂರಿಸಿ ಮೇಲಿನ ರಸ್ತೆ ಪರೀಕ್ಷೆಯನ್ನು ಪುನಃ ಮಾಡಿ. 35 ಇದ್ದದ್ದು 50ರ ಮೇಲೇರಿದರೆ ಖರ್ಚು ಸ್ಪ್ರೇ ಡಬ್ಬಿಯಷ್ಟಕ್ಕೆ ಮುಗಿಯಿತು.

ಏರದಿದ್ದರೆ ಬದಲಿಸುವುದೇ ಸರಿ. ಹಳೆಯ ಸೆನ್ಸರಿನ ಮೇಲಿರುವ ಭಾಗಸಂಖ್ಯೆಯನ್ನು ಪೂರ್ತಿ, ಕೊನೆಯ ಅಕ್ಷರದವರೆಗೂ ಬರೆದುಕೊಂಡು ಹೋಗಿ, ನೋಡಲು ಒಂದೇ ತರಹದ ಸೆನ್ಸರುಗಳ ಅಳತೆಯ ರೇಖೆ ಬೇರೆಬೇರೆಯಾಗಿರುತ್ತದೆ. ಕಂಪನಿಯ ಹೆಸರು ಹೊತ್ತ ನಕಲಿ ಸೆನ್ಸರುಗಳು ಮಾರುಕಟ್ಟೆಯಲ್ಲಿ ಇರುವುದರಿಂದ ಬಿಲ್ಲಿಲ್ಲದೆ ಅರ್ಧ ಬೆಲೆಗೆ ಕೊಡುವ ಮಾಲನ್ನು ಕೊಳ್ಳದಿರುವುದು ಕ್ಷೇಮ. ಪ್ಲಗ್ಗಿನಲ್ಲಾದರೆ ನಕಲಿ ಬೇಗ ಸಿಕ್ಕಿಬೀಳುತ್ತದೆ, ಇಲ್ಲಿ ತಪ್ಪು ಅಂಕಿಯ ಹಿಂದೆ ಅಡಗಿಕೊಳ್ಳುತ್ತದೆ. ಕೂರಿಸುವಾಗ ಗಾಳಿ ಹರಿಯುವ ದಿಕ್ಕಿನ ಬಾಣ ಎಂಜಿನ್ ಕಡೆಗಿರಲಿ, ರಬ್ಬರ್ ಉಂಗುರ ತಿರುಚಿಕೊಳ್ಳದಿರಲಿ, ಪ್ಲಾಸ್ಟಿಕ್ಕಿಗೆ ಕೊರೆದ ಸ್ಕ್ರೂಗಳನ್ನು ಹದವಾಗಿ ಬಿಗಿಯಿರಿ.

ಆಮೇಲೆ ಕೋಡ್‌ಗಳನ್ನು ಅಳಿಸಿ. ಅಳಿಸಿದಾಗ ಹಳೆಯ ಟ್ರಿಮ್ ಕಲಿಕೆಯೂ ಸಾಮಾನ್ಯವಾಗಿ ಅಳಿಸಿಹೋಗುವುದರಿಂದ ಮೊದಲ ಕೆಲವು ನಿಮಿಷ ಐಡ್ಲಿಂಗ್ ಸ್ವಲ್ಪ ಒರಟಾಗಿ ಕಾಣಬಹುದು. ಎಂಜಿನ್ ಬಿಸಿಯಾಗುವವರೆಗೆ ಐಡ್ಲಿಂಗ್‌ನಲ್ಲಿ ಬಿಟ್ಟು, ಊರೊಳಗಿನ ನಿಂತು ಹೊರಡುವ ಓಟ ಮತ್ತು ಹೆದ್ದಾರಿಯಲ್ಲಿ ಮಂಡ್ಯದವರೆಗಿನ ಒಂದೇ ವೇಗದ ಓಟ ಎರಡನ್ನೂ ಮಾಡಿಸಿ, ಮರುದಿನ ಬೆಳಿಗ್ಗೆ ಟ್ರಿಮ್ ಅಂಕಿಗಳನ್ನು ಅದೇ ಎರಡು ಸ್ಥಿತಿಗಳಲ್ಲಿ ಮತ್ತೆ ಬರೆದುಕೊಂಡು ಹಳೆಯ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಎರಡೂ ಐದು ಶೇಕಡಾ ಒಳಗೆ ಬಂದಿದ್ದರೆ ಹಳೆಯ ಸೆನ್ಸರನ್ನು ಎಸೆಯಬಹುದು.